ವಾದಕ್ಕೆ ಮೂರನೆಯವರು ಬೇಕು



ಇಂದಿನ ಸಮಾಜಕ್ಕೆ ತಟ್ಟುವ ವಿಷಯವೊಂದನ್ನು ಆರಿಸಿಕೊಳ್ಳಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದಾಗ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಚುನಾವಣೆ, ಮೀಸಲಾತಿ, ಧರ್ಮ, ಆಹಾರ, ಯುದ್ಧ ಇವುಗಳ ಬಗ್ಗೆ ನಾವು ಹಗಲು ರಾತ್ರಿ ಫೋನಿನಲ್ಲಿ ನಡೆಸುತ್ತಿರುವ ವಾದವೇ ಇವತ್ತಿನ ವಿಷಯ. ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಶಾಲೆಯಲ್ಲಿ ಕಲಿತವರು ವಾಟ್ಸಾಪ್ ಗ್ರೂಪಿನಲ್ಲಿ ಮಾತಿಗೆ ಮಾತು ಬೆಳೆಸಿ, ಕೊನೆಗೆ ಎದುರು ಸಿಕ್ಕರೂ ಮಾತಾಡದಂತಾಗಿದ್ದಾರೆ. ಕಾಕಾನ ಮನೆಗೂ ಅಣ್ಣನ ಮನೆಗೂ ನಡುವೆ ಪಕ್ಷದ ಹೆಸರಿನಲ್ಲಿ ಬಿರುಕು ಬಿದ್ದಿದೆ. ಇದನ್ನು ನೋಡಿ ನೊಂದ ಹಿರಿಯರು ಹೇಳುವ ಬುದ್ಧಿಮಾತು ಒಂದೇ: ‘ಗ್ರೂಪಿನ್ಯಾಗ ರಾಜಕೀಯ ಬ್ಯಾಡ್ರಿ.’ ಆ ಮಾತಿನ ಹಿಂದಿರುವ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ನಾನು ಒಪ್ಪಲಾರೆ.

ವಾದಕ್ಕೆ ಇರಲೇಬೇಕಾದ ಒಂದು ಅಂಗ ಫೋನಿನೊಳಗೆ ಕಳೆದುಹೋಗಿದೆ. ಅದನ್ನು ಮರಳಿ ತಂದುಕೊಂಡರೆ ವಾದ ನಮ್ಮನ್ನು ಬೆಳೆಸುತ್ತದೆ, ತರದಿದ್ದರೆ ಮುರಿಯುತ್ತದೆ. ಇಬ್ಬರು ವಾದ ಮಾಡಬೇಕಾದರೆ ನಡುವೆ ಮೂರನೆಯವರೊಬ್ಬರು ಬೇಕು ಎಂಬುದೇ ನನ್ನ ಪ್ರತಿಪಾದನೆ. ಆ ಮೂರನೆಯ ಜಾಗದಲ್ಲಿ ಕೂತು ಕೇಳುವ ಸಭೆ ಇರಬಹುದು, ಇಬ್ಬರೂ ಒಪ್ಪುವ ಅಳತೆ ಇರಬಹುದು, ಇಲ್ಲವೇ ನಮ್ಮ ಮಾತಿನ ಫಲವನ್ನು ಉಣ್ಣಬೇಕಾದ ಜನ ಇರಬಹುದು. ಯಾರೂ ಇಲ್ಲದೆ ಹೋದರೆ ಉಳಿಯುವುದು ಬರೀ ಕೂಗಾಟ.

1. ಮಾತಾಡುವ ಹಕ್ಕು ಸುಮ್ಮನೆ ಬಂದದ್ದಲ್ಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಮ್ಮ ತಾಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ನಾಲ್ಕು ಜನ ಬಯಲಲ್ಲಿ ಸೇರಿ ಸಭೆ ನಡೆಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕಿತ್ತು. ‘ಗಷ್ತಿ 53’ ಎಂಬ ಆ ಸುತ್ತೋಲೆಯ ಹೆಸರನ್ನು ವಿಮೋಚನಾ ಹೋರಾಟದ ಹಿರಿಯರು ಬಾಯಿಪಾಠ ಬಲ್ಲರು. ಆಡಳಿತದ ಭಾಷೆ ಉರ್ದು, ಜನರ ಭಾಷೆ ಕನ್ನಡ. ಅಹವಾಲು ಹೇಳಿಕೊಳ್ಳುವುದಕ್ಕೂ ನಡುವೆ ಒಬ್ಬ ದುಭಾಷಿ ಬೇಕು. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆಯೇ ಇಲ್ಲಿಯ ಜನಕ್ಕೆ ಬಾಯಿ ತೆರೆದು ಮಾತಾಡುವ ಧೈರ್ಯ ಬಂದದ್ದು. ಆ ಹೋರಾಟದ ಮುಂಡರಗಿ ಶಿಬಿರವನ್ನು ಮುನ್ನಡೆಸಿದ ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ದೇಶದ ಮೊದಲ ಮಹಾಚುನಾವಣೆಯಲ್ಲಿ, ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. ಸಭೆ ಸೇರಲೂ ಅಪ್ಪಣೆ ಕೇಳಬೇಕಿದ್ದ ಜನ ಇಷ್ಟು ಬೇಗ ತಮ್ಮ ಸ್ವಂತ ತೀರ್ಪನ್ನು ಕೊಟ್ಟರು.

ಅದೇ ಹಕ್ಕು ಫೋನಿಗೂ ವಿಸ್ತರಿಸಿತು. ಅಂತರ್ಜಾಲದಲ್ಲಿ ಬರೆದ ಮಾತು ಯಾರಿಗಾದರೂ ‘ಕಿರಿಕಿರಿ’ ಮಾಡಿತೆಂದರೆ ಸಾಕು, ಬಂಧಿಸಲು ಅವಕಾಶ ಕೊಡುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿತು. ಇಷ್ಟು ಕಷ್ಟದಿಂದ ಬಂದ ಹಕ್ಕನ್ನು ಮನಸ್ತಾಪದ ಭಯದಿಂದ ಗಂಟುಕಟ್ಟಿ ಅಟ್ಟದ ಮೇಲಿಡುವುದು ಸರಿಯೆಂದು ನನಗನಿಸುವುದಿಲ್ಲ.

2. ಹರದೇಶಿ–ನಾಗೇಶಿಯ ಸಭೆ

ವಾದ ಮಾಡುವುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ನಮ್ಮ ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ–ನಾಗೇಶಿ ಎಂಬ ಎರಡು ಪಂಗಡಗಳಿವೆ. ಹರದೇಶಿಯವರು ಶಿವನ ಕಡೆ, ಗಂಡು ಹೆಚ್ಚು ಎನ್ನುತ್ತಾರೆ. ನಾಗೇಶಿಯವರು ಶಕ್ತಿಯ ಕಡೆ, ಹೆಣ್ಣು ಹೆಚ್ಚು ಎನ್ನುತ್ತಾರೆ. ದಪ್ಪು, ತುಂತುಣಿ, ತಾಳಗಳೊಂದಿಗೆ ಬೆಳತನಕ ಸವಾಲು–ಜವಾಬು ನಡೆಯುತ್ತದೆ. ಚುಚ್ಚುಮಾತಿಗೆ ಅಲ್ಲಿ ಬರವಿಲ್ಲ. ಎದುರಿನ ಮೇಳವನ್ನು ಗೇಲಿ ಮಾಡುವುದೂ ಆಟದ ಭಾಗವೇ.

ಆದರೂ ಅದು ಹೊಡೆದಾಟವಾಗದೆ ಕಲೆಯಾಗಿ ಉಳಿದಿರುವುದಕ್ಕೆ ಕಾರಣಗಳಿವೆ. ಎರಡೂ ಮೇಳಗಳ ಮಾತನ್ನು ಕೇಳುವುದು ಅದೇ ಜನ. ಸವಾಲು ಬಂದ ಮೇಲೆ ಅದಕ್ಕೇ ಜವಾಬು ಕೊಡಬೇಕು. ಬೇರೊಂದು ಪ್ರಶ್ನೆ ಎತ್ತಿ ಜಾರಿಕೊಂಡರೆ ಸಭೆ ತಕ್ಷಣ ಗುರುತಿಸುತ್ತದೆ. ಎದುರಿನವರ ಪುರಾಣ, ಅವರ ಪಟ್ಟು, ಅವರ ಬಲ ಗೊತ್ತಿಲ್ಲದೆ ಜವಾಬು ಹೊಸೆಯಲು ಬರುವುದಿಲ್ಲ. ಹಾಗಾಗಿ ಒಳ್ಳೆಯ ನಾಗೇಶಿ ಹಾಡುಗಾರ್ತಿಗೆ ಹರದೇಶಿಯ ವಾದ ಹರದೇಶಿಯವರಷ್ಟೇ ಚೆನ್ನಾಗಿ ಗೊತ್ತಿರುತ್ತದೆ. ಬೆಳಗಾದ ಮೇಲೆ ಮಂಗಳ ಹಾಡಿ ಎರಡೂ ಮೇಳದವರು ಏಳುತ್ತಾರೆ. ಮುಂದಿನ ಜಾತ್ರೆಗೆ ಮತ್ತೆ ಎದುರುಬದುರು ಕೂರಬೇಕಲ್ಲ!

ಫೋನಿನಲ್ಲಿ ಆದದ್ದೇನೆಂದರೆ ಹರದೇಶಿಯವರು ತಮ್ಮ ಗ್ರೂಪಿನಲ್ಲಿ ರಾತ್ರಿಯಿಡೀ ಹಾಡುತ್ತಾರೆ, ನಾಗೇಶಿಯವರು ತಮ್ಮ ಗ್ರೂಪಿನಲ್ಲಿ. ಎದುರಿನವರ ಮಾತು ಬರುವುದು ಸ್ಕ್ರೀನ್‌ಶಾಟಿನ ರೂಪದಲ್ಲಿ, ಅದೂ ನಗುವುದಕ್ಕೆ ಅಥವಾ ಬೈಯುವುದಕ್ಕೆ. ಎರಡನ್ನೂ ಕೇಳಿ ತೂಗುವ ಜನ ಎಲ್ಲಿಯೂ ಇಲ್ಲ. ಆ ಜಾಗದಲ್ಲಿ ಈಗ ಯಂತ್ರ ಕೂತಿದೆ. 2017ರಲ್ಲಿ ಫೇಸ್‌ಬುಕ್ ಸಿಟ್ಟಿನ ಮುಖವೂ ಸೇರಿದಂತೆ ಭಾವನೆಯ ಚಿಹ್ನೆಗಳಿಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟು, ಯಾವ ಬರಹ ಎಷ್ಟು ಜನಕ್ಕೆ ಕಾಣಬೇಕೆಂದು ನಿರ್ಧರಿಸುತ್ತಿತ್ತು. ಇದು ಜಗತ್ತಿಗೆ ಗೊತ್ತಾದದ್ದು 2021ರಲ್ಲಿ, ಕಂಪನಿಯ ಒಳಗಿನ ಕಾಗದಪತ್ರಗಳು ಹೊರಬಂದಾಗ. ಆ ವೇಳೆಗೆ ಸಿಟ್ಟಿನ ಚಿಹ್ನೆಯ ತೂಕವನ್ನು ಕಂಪನಿಯೇ ಸೊನ್ನೆಗೆ ಇಳಿಸಿತ್ತು. ನಾವು ವಾದ ಗೆಲ್ಲುತ್ತಿದ್ದೇವೆ ಎಂದುಕೊಂಡ ಅಷ್ಟೂ ಕಾಲ ಯಂತ್ರ ನಮ್ಮ ಸಿಟ್ಟನ್ನು ಎಣಿಸುತ್ತಿತ್ತು.

ಸಭೆ ಇಲ್ಲದ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ಕಲ್ಯಾಣ ಕರ್ನಾಟಕವೇ ಕಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯ ಮೇಲೆ ಜನ ಹೊಡೆದು ಕೊಂದರು. ದೇಶದ ಹಲವೆಡೆ ಇಂಥ ಕೊಲೆಗಳು ನಡೆದ ಮೇಲೆ ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂಬ ಮಿತಿ ತಂದಿತು. ಮಕ್ಕಳ ಕಳ್ಳರ ಆ ವದಂತಿ ಬಂದಾಗ ‘ಇದು ಖರೇನಾ? ಯಾರು ನೋಡ್ಯಾರ?’ ಎಂದು ಕೇಳುವ ಒಬ್ಬ ಮೂರನೆಯವನು ಪ್ರತಿ ಗ್ರೂಪಿನಲ್ಲಿ ಇದ್ದಿದ್ದರೆ ಸಾಕಿತ್ತು.

3. ಮೊಟ್ಟೆಯ ವಾದ ಮತ್ತು ತಕ್ಕಡಿ

ಈಗ ನಮ್ಮ ಗಂಗಾವತಿಗೆ ಬರೋಣ. 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರದಲ್ಲಿ ಸರ್ಕಾರಿ ಶಾಲೆಯ 1ರಿಂದ 8ನೇ ತರಗತಿ ಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಸರ್ಕಾರ ಮೊದಲು ಮಾಡಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೆಲವು ಮಠಾಧೀಶರೂ ಸಸ್ಯಾಹಾರದ ಪರವಾಗಿರುವ ಸಂಘಟನೆಗಳೂ ಇದನ್ನು ಬಲವಾಗಿ ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ಶಾಲಾ ಬಾಲಕಿ ಮೈಕಿನ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದ ಮಾತಾಡಿದಳು. ಆ ವಿಡಿಯೊ ಎರಡೇ ದಿನಗಳಲ್ಲಿ ನಾಡೆಲ್ಲ ಹರಿದಾಡಿತು. ಒಂದು ಕಡೆಯವರು ಆ ಹುಡುಗಿಯನ್ನು ಹೊತ್ತು ಮೆರೆಸಿದರು, ಇನ್ನೊಂದು ಕಡೆಯವರು ಅವಳಿಗೆ ಸಂಸ್ಕಾರವಿಲ್ಲ ಎಂದರು. ಶಾಲೆಗೆ ಹೋಗುವ ಮಗು ಎರಡು ಸೈನ್ಯಗಳ ನಡುವಿನ ಬಾವುಟವಾಯಿತು.

ಆ ಗದ್ದಲದಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗಿದ್ದವು. ಮೊಟ್ಟೆ ತಿಂದರೆ ಈ ಭಾಗದ ಮಕ್ಕಳ ಮೈ ಹಿಡಿಯುತ್ತದೆಯೇ ಎಂಬುದು ಒಂದು. ಇದು ಎಷ್ಟೇ ಕೂಗಿದರೂ ಬಗೆಹರಿಯದ, ಆದರೆ ತೂಗಿದರೆ ಬಗೆಹರಿಯುವ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅದೇ ಮಕ್ಕಳು ಮುಂದೆ ಶಾಲೆಯ ಬಿಸಿಯೂಟದ ಸಾಲಿನಲ್ಲಿ ಕೂರುವವರು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗದ ಮಕ್ಕಳನ್ನೂ ತೂಗಿ ಅಳೆದು ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಎಂಟನೆಯ ತರಗತಿಯ ಹೆಣ್ಣುಮಕ್ಕಳಲ್ಲಿ ಆ ಏರಿಕೆ ಎದ್ದು ಕಾಣುವಂತಿತ್ತು. 2022ರಲ್ಲಿ ಈ ಫಲಿತಾಂಶ ಬಂದ ಮೇಲೆ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಹಂತಕ್ಕೆ ಬಂದಿತು. ಕಮೆಂಟುಗಳ ರಾಶಿ ಮಾಡಲಾರದ ಕೆಲಸವನ್ನು ಶಾಲೆಯ ತಕ್ಕಡಿ ಮಾಡಿತು.

ಎರಡನೆಯ ಪ್ರಶ್ನೆ ಬೇರೆ. ಮೊಟ್ಟೆ ಮುಟ್ಟದ ಮನೆಯ ಮಗು ಅದೇ ಸಾಲಿನಲ್ಲಿ ಕೂತಾಗ ಅದರ ಮನಸ್ಸಿಗೆ ಏನಾಗುತ್ತದೆ? ವಿರೋಧಿಸಿದವರ ಮಾತಿನಲ್ಲಿದ್ದ ಈ ಕಾಳಜಿ ಸುಳ್ಳಲ್ಲ. ತಕ್ಕಡಿ ಅದಕ್ಕೆ ಉತ್ತರ ಕೊಡದು. ಅದಕ್ಕೆ ಉತ್ತರ ಕೊಟ್ಟದ್ದು ಬಾಳೆಹಣ್ಣು, ಆಮೇಲೆ ಶೇಂಗಾ ಚಿಕ್ಕಿ. ಬಿಸಿಯೂಟ ಬಡಿಸುವ ಅಕ್ಕಂದಿರು ಯಾರಿಗೆ ಏನು ಬೇಕೆಂದು ಕೇಳಿ ತಟ್ಟೆಗೆ ಹಾಕುವುದನ್ನು ಕಲಿತರು. ಎರಡು ಪ್ರಶ್ನೆಗಳನ್ನು ಬಿಡಿಸಿಕೊಂಡರೆ ಎರಡಕ್ಕೂ ದಾರಿ ಇತ್ತು. ಕಲಸಿಕೊಂಡಿದ್ದಾಗ ಒಂದಕ್ಕೂ ಇರಲಿಲ್ಲ.

ಕೊಪ್ಪಳದ ಉಕ್ಕಿನ ಕಾರ್ಖಾನೆಯ ವಿವಾದಕ್ಕೂ ಇದೇ ಮಾತು ಸಲ್ಲುತ್ತದೆ. ಊರಿನ ಮಗ್ಗುಲಲ್ಲೇ ಸುಮಾರು 54,000 ಕೋಟಿ ರೂಪಾಯಿ ಹೂಡಿಕೆಯ ಬೃಹತ್ ಸ್ಥಾವರದ ಪ್ರಸ್ತಾವ ಬಂದಾಗ, 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜನರೊಂದಿಗೆ ಬೀದಿಗೆ ಇಳಿದರು, ಸರ್ಕಾರ ಕೆಲಸ ನಿಲ್ಲಿಸಲು ಹೇಳಿತು. ಇನ್ನೊಂದು ಕಡೆ ಕಾರ್ಖಾನೆಗೆಂದು ಹಿಂದೆಯೇ ಭೂಮಿ ಕೊಟ್ಟು ಮಕ್ಕಳ ನೌಕರಿಗೆ ಕಾದು ಕೂತ ರೈತ ಕುಟುಂಬಗಳಿವೆ. ಫೋನಿನಲ್ಲಿ ಮೊದಲನೆಯವರು ಅಭಿವೃದ್ಧಿ ವಿರೋಧಿಗಳಾದರು, ಎರಡನೆಯವರು ಕಂಪನಿಯ ಏಜೆಂಟರಾದರು. ಎರಡೂ ಕಡೆಯವರಿಗೆ ಬೇಕಾದದ್ದು ಒಂದೇ: ಗಿಣಿಗೇರಾ, ಹಿರೇಬಗನಾಳ ಭಾಗದ ಹೊಲದ ಎಲೆಗಳ ಮೇಲೆ ಈಗಾಗಲೇ ಕೂರುತ್ತಿರುವ ಕಪ್ಪು ಬೂದಿಯ ಲೆಕ್ಕ, ಆಸ್ಪತ್ರೆಗೆ ಬರುವ ಉಸಿರಾಟದ ತೊಂದರೆಯ ಲೆಕ್ಕ, ಇರುವ ಕಾರ್ಖಾನೆಗಳಲ್ಲಿ ಸ್ಥಳೀಯರಿಗೆ ಸಿಕ್ಕ ನೌಕರಿಯ ಲೆಕ್ಕ. 2006ರ ಪರಿಸರ ಅಧಿಸೂಚನೆಯಲ್ಲಿರುವ ಸಾರ್ವಜನಿಕ ಅಹವಾಲು ಸಭೆಯ ಉದ್ದೇಶವೂ ಇದೇ. ಈ ಲೆಕ್ಕಗಳನ್ನು ಕೇಳದೆ ಕಳುಹಿಸುವ ನೂರು ಫಾರ್ವರ್ಡಿಗಿಂತ ಅಹವಾಲು ಸಭೆಯಲ್ಲಿ ಕೊಡುವ ಒಂದು ಲಿಖಿತ ಪ್ರಶ್ನೆಗೆ ಬೆಲೆ ಹೆಚ್ಚು.

4. ಅಳತೆಗೆ ಸಿಗದ ಪ್ರಶ್ನೆ

ಎಲ್ಲವನ್ನೂ ತಕ್ಕಡಿಗೆ ಹಾಕಲು ಬರುವುದಿಲ್ಲ. ಆನೆಗೊಂದಿಯ ಬಳಿಯ ಅಂಜನಾದ್ರಿ ಹನುಮನು ಹುಟ್ಟಿದ ಬೆಟ್ಟ ಎಂದು ನಮ್ಮ ಜನ ತಲೆಮಾರುಗಳಿಂದ ನಂಬಿದ್ದಾರೆ. 2021ರ ಏಪ್ರಿಲ್ 21ರಂದು, ರಾಮನವಮಿಯ ದಿನ, ತಿರುಮಲ ತಿರುಪತಿ ದೇವಸ್ಥಾನದವರು ತಮ್ಮ ಬೆಟ್ಟಗಳಲ್ಲೊಂದಾದ ಅಂಜನಾದ್ರಿಯೇ ಜನ್ಮಸ್ಥಳವೆಂದು ಘೋಷಿಸಿದರು. ಮೇ ತಿಂಗಳಲ್ಲಿ ನಮ್ಮ ಅಂಜನಾದ್ರಿಯ ಪರವಾಗಿ ಗೋವಿಂದಾನಂದ ಸರಸ್ವತಿ ಸ್ವಾಮೀಜಿ ತಿರುಪತಿಗೆ ಹೋಗಿ ವಾದಿಸಿದರು; ಒಮ್ಮತ ಮೂಡಲಿಲ್ಲ. ಮರುವರ್ಷ ನಾಸಿಕದಲ್ಲಿ ಅಲ್ಲಿಯ ಅಂಜನೇರಿ ಬೆಟ್ಟದ ಪರವಾಗಿರುವವರೊಂದಿಗೆ ನಡೆದ ಚರ್ಚೆ, ಯಾರು ಎತ್ತರದ ಆಸನದಲ್ಲಿ ಕೂರಬೇಕು ಎಂಬ ತಕರಾರಿನಿಂದ ಕೆಟ್ಟು ಗದ್ದಲದಲ್ಲಿ ಮುಗಿಯಿತು. ಫೋನುಗಳಲ್ಲಿ ಕನ್ನಡಿಗರು, ತೆಲುಗರು, ಮರಾಠಿಗರು ಒಬ್ಬರನ್ನೊಬ್ಬರು ಹಳಿದುಕೊಂಡರು.

ಇಲ್ಲಿ ಮೂರನೆಯ ಜಾಗಕ್ಕೆ ಯಾರನ್ನು ತರಬೇಕು? ಬೆಟ್ಟ ಹತ್ತುವ ಭಕ್ತರನ್ನು. ನಮ್ಮ ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರಲ್ಲಿ ಆಂಧ್ರದವರಿದ್ದಾರೆ, ಮಹಾರಾಷ್ಟ್ರದವರಿದ್ದಾರೆ. ತಿರುಮಲೆಗೆ ಹೋಗುವ ನಮ್ಮವರಿಗಂತೂ ಲೆಕ್ಕವಿಲ್ಲ. ಅವರಾರೂ ಒಂದು ಬೆಟ್ಟಕ್ಕೆ ಕೈಮುಗಿಯಲು ಇನ್ನೊಂದನ್ನು ಸುಳ್ಳೆನ್ನಬೇಕಾಗಿಲ್ಲ. ನಂಬಿಕೆಯ ಪ್ರಶ್ನೆಯಲ್ಲಿ ನಮ್ಮದನ್ನು ಪ್ರೀತಿಯಿಂದ ಹೇಳಬಹುದು, ಎದುರಿನವರದನ್ನು ಕುತೂಹಲದಿಂದ ಕೇಳಬಹುದು. ಗೆಲ್ಲುವುದಕ್ಕೆ ಅಲ್ಲಿ ಏನೂ ಇಲ್ಲ.

ಈ ವಿವೇಕ ನಮ್ಮ ನೆಲದ ಕಲ್ಲಿನಲ್ಲೇ ಇದೆ. ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರುಶಾಸನಗಳಿರುವುದು ನಿಮಗೆಲ್ಲ ಗೊತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅದೇ ಅಶೋಕನ ಹನ್ನೆರಡನೆಯ ಶಿಲಾಶಾಸನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ನಾಲಗೆಗೆ ಹಿಡಿತವಿರಲಿ, ಕಾರಣವಿಲ್ಲದೆ ತನ್ನ ಪಂಥವನ್ನು ಹೊಗಳಿ ಪರರದನ್ನು ತೆಗಳುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಇದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತು. ಕೊಪಣವೆಂಬ ಹೆಸರಿನಲ್ಲಿ ನಮ್ಮ ಕೊಪ್ಪಳವನ್ನು ತಿರುಳ್ಗನ್ನಡದ ಸೀಮೆಯಲ್ಲಿ ಎಣಿಸಿದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೂ ಪರರ ವಿಚಾರವನ್ನು ಸೈರಿಸಿಕೊಳ್ಳುವುದನ್ನೇ ನಿಜವಾದ ಸಂಪತ್ತೆಂದು ಕರೆಯಿತು.

5. ದೂರದ ಯುದ್ಧ, ಹತ್ತಿರದ ಭತ್ತ

ಜಗತ್ತಿನ ವಿಷಯ ಬಂದಾಗ ನಮ್ಮ ದನಿ ಇನ್ನೂ ಏರುತ್ತದೆ. ರಷ್ಯಾ–ಉಕ್ರೇನ್ ಆಗಲಿ, ಗಾಜಾ ಆಗಲಿ, ಕ್ರಿಕೆಟ್ ತಂಡ ಆರಿಸಿಕೊಂಡಂತೆ ಒಂದು ಕಡೆ ನಿಂತುಬಿಡುತ್ತೇವೆ. ದೂರದ ವಿಷಯದಲ್ಲಿ ಮಾತು ತಪ್ಪಿದರೆ ಕಳೆದುಕೊಳ್ಳುವುದೇನೂ ಇಲ್ಲವೆಂಬ ಭಾವನೆ ಇದಕ್ಕೆ ಕಾರಣ. ಆದರೆ ಉಕ್ರೇನ್ ಯುದ್ಧದ ಕಾಲದ ಬೆಲೆಯ ಚಿಂತೆ ನಮ್ಮ ಕಣಕ್ಕೂ ಬಂದಿತ್ತು. 2023ರ ಜುಲೈ 17ರಂದು ಕಪ್ಪು ಸಮುದ್ರದ ಧಾನ್ಯ ಒಪ್ಪಂದದಿಂದ ರಷ್ಯಾ ಹಿಂದೆ ಸರಿಯಿತು. ಮೂರು ದಿನ ಕಳೆದು, ಜುಲೈ 20ರಂದು, ಮಳೆಯ ಅನಿಶ್ಚಿತತೆ ಮತ್ತು ಬೆಲೆ ಏರಿಕೆಯ ನಡುವೆ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ. 40ರಷ್ಟು ಭಾರತದ್ದೇ. ಆ ಒಂದು ಆದೇಶದಿಂದ ಪಶ್ಚಿಮ ಆಫ್ರಿಕಾದ ಬಡವರ ಮನೆಯಲ್ಲಿ ಅನ್ನ ದುಬಾರಿಯಾಯಿತು. 2024ರ ಸೆಪ್ಟೆಂಬರ್ ಕೊನೆಯವರೆಗೆ ನಿಷೇಧ ಉಳಿಯಿತು. ಗಂಗಾವತಿ, ಕಾರಟಗಿಗಳ ಭತ್ತದ ರೈತ ಒಳ್ಳೆಯ ಬೆಲೆ ತಪ್ಪೀತೆಂದು ಚಿಂತಿಸಿದರೆ, ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಅವನ ಮಗಳು ಅಕ್ಕಿ ಬೆಲೆ ಇಳಿಯಲಿ ಎಂದು ಬೇಡಿಕೊಂಡಳು. ಇಬ್ಬರದೂ ನ್ಯಾಯವೇ. ಜಗತ್ತಿನ ವಿಷಯದಲ್ಲಿ ವಾದಿಸುವವರು ಮೊದಲು ಅದರ ಎಳೆ ನಮ್ಮ ಊರಿಗೆ ಎಲ್ಲಿ ತಾಗಿದೆ ಎಂದು ಹುಡುಕಿದರೆ ಮಾತಿಗೆ ತೂಕ ಬರುತ್ತದೆ, ದೂರದ ಜನರ ಸಂಕಟವೂ ಅರ್ಥವಾಗುತ್ತದೆ.

6. ಎರಡು ಮುಖವಿಲ್ಲದ ಪ್ರಶ್ನೆ

ಇಷ್ಟು ಕೇಳಿದ ಯುವಕರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಅನ್ಯಾಯದ ಎದುರಿಗೂ ಸೈರಿಸಿಕೊಂಡೇ ಇರಬೇಕೇ? ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲೂಕಿನ ಹಳ್ಳಿಯೊಂದರಲ್ಲಿ ದಲಿತ ಕುಟುಂಬದ ಪುಟ್ಟ ಕೂಸು ಗುಡಿಯೊಳಗೆ ಹೋಯಿತೆಂದು ಶುದ್ಧೀಕರಣದ ಹೆಸರಿನಲ್ಲಿ 25,000 ರೂಪಾಯಿ ದಂಡ ಕೇಳಿದ ಸುದ್ದಿ ದೇಶವನ್ನೇ ಕಲಕಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಅಲ್ಲಿ ಹರದೇಶಿ–ನಾಗೇಶಿ ಎಂಬ ಎರಡು ಪಕ್ಷಗಳಿಲ್ಲ. ಅಂಥ ಕಡೆ ಗಟ್ಟಿಯಾಗಿ ತಪ್ಪು ಎನ್ನಲೇಬೇಕು, ಕಾನೂನಿನ ಬಾಗಿಲು ತಟ್ಟಲೇಬೇಕು.

ಆದರೆ ಅಲ್ಲಿಯೂ ಮೂರನೆಯವರನ್ನು ಮರೆಯಬಾರದು. ಆ ಕುಟುಂಬ ಮೊದಲು ದೂರು ಕೊಡಲು ಮುಂದೆ ಬರಲಿಲ್ಲ. ಅದೇ ಊರಿನಲ್ಲಿ, ಅದೇ ಜನರ ನಡುವೆ ನಾಳೆಯೂ ಬದುಕಬೇಕಲ್ಲ! ದೆಹಲಿಯಲ್ಲಿ ಕೂತು ಬರೆದವರ ಸಿಟ್ಟು ಒಂದು ವಾರದಲ್ಲಿ ಬೇರೆ ವಿಷಯಕ್ಕೆ ಹೊರಳಿತು. ಪ್ರಕರಣ ದಾಖಲಾಗುವಂತೆ, ಊರಿನಲ್ಲಿ ಜಾಗೃತಿ ಸಭೆ ನಡೆಯುವಂತೆ ನೋಡಿಕೊಂಡದ್ದು ಇಲ್ಲಿಯ ಅಧಿಕಾರಿಗಳು. ನೊಂದವರ ಪರವಾಗಿ ಮಾತಾಡುವವರು ನೊಂದವರಿಗೆ ನಾಳೆ ಬೇಕಾದದ್ದೇನು ಎಂದು ಮೊದಲು ಕೇಳಬೇಕು. ಕೇಳದಿದ್ದರೆ ನಮ್ಮ ಸಿಟ್ಟು ನಮ್ಮ ತೃಪ್ತಿಗೆ ಮಾತ್ರ.

7. ಮಾಡಬಹುದಾದದ್ದು

ಈ ವೇದಿಕೆಯಿಂದ ನಾನು ಕೇಳಿಕೊಳ್ಳುವುದು ನಾಲ್ಕು ಮಾತು. ಮೊದಲನೆಯದು, ಫೋನಿನಲ್ಲಿ ಜವಾಬು ಬರೆಯುವ ಮುನ್ನ ಎದುರಿನವರ ಮಾತನ್ನು ಅವರೇ ಒಪ್ಪುವಂತೆ ಒಮ್ಮೆ ಹೇಳಿ: ‘ಕಾಕಾ, ನೀವು ಹೇಳೂದು ಹಿಂಗ ಐತಿ ಅಂತ ನಾ ತಿಳಕೊಂಡೀನಿ, ಹೌದಲ್ರಿ?’ ಅವರು ಹೌದೆಂದ ಮೇಲೆ ನಿಮ್ಮ ವಾದ ಶುರುವಾಗಲಿ. ಎರಡನೆಯದು, ಇದು ತೂಗಬಹುದಾದ ಪ್ರಶ್ನೆಯೋ ನಂಬಿಕೆಯ ಪ್ರಶ್ನೆಯೋ ಎಂದು ಇಬ್ಬರೂ ಸೇರಿ ಮೊದಲು ತೀರ್ಮಾನಿಸಿ. ಮೂರನೆಯದು, ಯಾರ ಬದುಕಿನ ಬಗ್ಗೆ ಮಾತಾಡುತ್ತಿದ್ದೇವೋ ಅವರು ಗ್ರೂಪಿನಲ್ಲಿ ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಅವರಲ್ಲಿ ಒಬ್ಬರಿಗಾದರೂ ಫೋನ್ ಮಾಡಿ ಕೇಳಿ. ಬಿಸಿಯೂಟದ ಬಗ್ಗೆ ವಾದವಾದರೆ ಅಡುಗೆಯ ಅಕ್ಕನಿಗೆ, ಕಾರ್ಖಾನೆಯ ಬಗ್ಗೆ ವಾದವಾದರೆ ಹೊಲದವನಿಗೂ ಕಾರ್ಮಿಕನಿಗೂ.

ನಾಲ್ಕನೆಯದು ಸಂಸ್ಥೆಗಳಿಗೆ ಸೇರಿದ್ದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಗ್ರಂಥಾಲಯಗಳಲ್ಲಿ, ಕಾಲೇಜುಗಳಲ್ಲಿ ತಿಂಗಳಿಗೊಂದು ಸಂಜೆ ಹರದೇಶಿ–ನಾಗೇಶಿಯ ಕ್ರಮದಲ್ಲಿ ಸಾರ್ವಜನಿಕ ವಾದ ನಡೆಯಲಿ. ವಿಷಯ ಸುಲಭದ್ದಾಗಿರಬೇಕಿಲ್ಲ, ಮೀಸಲಾತಿ, ಕಾರ್ಖಾನೆ, ನದಿ ನೀರು, ಯುದ್ಧ ಎಲ್ಲವೂ ಬರಲಿ. ಅರ್ಧ ದಾರಿಯಲ್ಲಿ ಎರಡೂ ಕಡೆಯವರು ಪಕ್ಷ ಬದಲಿಸಿ ವಾದಿಸಲಿ. ವಿದ್ಯಾರ್ಥಿಗಳು ಪತ್ರಿಕೆಯ ಸುದ್ದಿ, ಸರ್ಕಾರಿ ವರದಿ, ನ್ಯಾಯಾಲಯದ ಆದೇಶಗಳನ್ನು ಕೈಯಲ್ಲಿ ಹಿಡಿದು ಬರಲಿ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿ, ದೊಡ್ಡ ಅಧಿಕಾರದಲ್ಲಿದ್ದೂ ಜಾತಿ–ಮತಗಳಿಗಿಂತ ಮೊದಲು ಮನುಷ್ಯತ್ವ ಎಂದು ಬರೆದ ಸಿದ್ದಯ್ಯ ಪುರಾಣಿಕರ ನಾಡಿಗೆ ಇದು ಅಸಾಧ್ಯದ ಕೆಲಸವೇನಲ್ಲ.

ಹೀಗೆ ಮುಖಾಮುಖಿ ವಾದಿಸಿ ರೂಢಿಯಾದ ಹುಡುಗ ಹುಡುಗಿಯರು ಫೋನಿನಲ್ಲೂ ಬೇರೆ ರೀತಿಯಲ್ಲಿ ಮಾತಾಡುತ್ತಾರೆ ಎಂಬ ನಂಬಿಕೆ ನನಗಿದೆ. ನಮ್ಮ ಅಭಿಪ್ರಾಯಗಳು ಒಂದಾಗಬೇಕಾಗಿಲ್ಲ, ಪ್ರಜಾಪ್ರಭುತ್ವ ಅದನ್ನು ಕೇಳುವುದೂ ಇಲ್ಲ. ಎದುರಿನವರ ಮಾತು ನಮಗೆ ಪೂರ್ತಿ ತಿಳಿದಿರಬೇಕು, ನಮ್ಮ ಮಾತಿಗೆ ಪುರಾವೆ ಇರಬೇಕು, ಅದರ ಫಲ ಯಾರ ಮೇಲೆ ಬೀಳುತ್ತದೆ ಎಂಬ ಎಚ್ಚರ ಇರಬೇಕು. ಇವಿಷ್ಟನ್ನು ಕಾಯ್ದುಕೊಂಡು ಗಟ್ಟಿಯಾಗಿ, ನಿರ್ಭಯವಾಗಿ ವಾದ ಮಾಡೋಣ. ಮುಂದಿನ ತಿಂಗಳ ಮೊದಲ ಸಭೆಗೆ ಸ್ಥಳ ಮತ್ತು ವಿಷಯ ಯಾವುದೆಂದು ಇಲ್ಲಿಂದ ಏಳುವ ಮುನ್ನವೇ ತೀರ್ಮಾನಿಸಿ ಎಂದು ತಮ್ಮೆಲ್ಲರಲ್ಲಿ ಕೇಳಿಕೊಳ್ಳುತ್ತೇನೆ.